ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು: ಅದರ ಕಾಲವಿಚಾರ

೧

ಕರ್ತೃವಿನ ಹೆಸರಿಲ್ಲದ ಕೃತಿಗೆ ಹೆಸರನ್ನೂ ಕಾಲವನ್ನು ಹೇಳದ ಕೃತಿಗೆ ಕಾಲವನ್ನೂ ಗೊತ್ತುಮಾಡುವ ಕೆಲಸವು ಕನ್ನಡ ಕವಿಚರಿತೆಯ ಅಭ್ಯಾಸಿಗಳಿಗೆ ಹೊಸದಲ್ಲ. ಅಂಕಿತವಿಲ್ಲದ ಕಾವ್ಯ, ಕೊನೆಯ ಗರಿ ಕಳೆದುಹೋದ ಓಲೆಯ ಕಟ್ಟು, ರುಜು ಅಳಿಸಿಹೋದ ಚಿತ್ರಪಟ, ಶಕವರ್ಷವನ್ನು ನುಡಿಯದ ಶಿಲೆ, ಇವುಗಳ ಮುಂದೆ ನಿಂತ ಪರೀಕ್ಷಕನಿಗೆ ಎದುರಾಗುವ ಪ್ರಶ್ನೆ ಒಂದೇ. ಕೃತಿಯು ತಾನಾಗಿ ಹೇಳುವುದೆಷ್ಟು, ಅದರ ಬಾಯಿಂದ ಲೋಕವು ಹೇಳಿಸುತ್ತಿರುವುದೆಷ್ಟು ಎಂಬುದೇ ಆ ಪ್ರಶ್ನೆ.

ಈ ಎರಡನ್ನೂ ಬೇರ್ಪಡಿಸದಿದ್ದರೆ ಏನಾಗುವುದೆಂಬುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿಯೇ ಒಂದು ನಿದರ್ಶನವುಂಟು. ಕೈಯಲ್ಲಿ ದೀಪವನ್ನು ಹಿಡಿದು ನಿಂತ ಸ್ತ್ರೀಯ ಚಿತ್ರವನ್ನು ಅಲ್ಲಿ ನೋಡದವರು ವಿರಳ. ಬೆರಳುಗಳ ಸಂದಿನಿಂದ ಹಾಯುವ ಕೆಂಬೆಳಕನ್ನು ಕಂಡವರು ಅದನ್ನು ರವಿವರ್ಮನ ಕೃತಿಯೆಂದೇ ಬಹುಕಾಲ ಹೇಳುತ್ತ ಬಂದರು. ವಾಸ್ತವವಾಗಿ ಅದನ್ನು ಬರೆದವನು ಎಸ್. ಎಲ್. ಹಳದಣಕರ, ಬರೆದುದು 1945-46ರಲ್ಲಿ, ಮಾದರಿಯಾಗಿ ನಿಂತವಳು ಆತನ ಮಗಳು. ರವಿವರ್ಮನಾದರೋ 1906ರಲ್ಲಿಯೇ ಕಾಲವಾಗಿದ್ದನು. ಎರಡು ವರ್ಷಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಸಾಕು, ಆ ಭ್ರಾಂತಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಆದರೆ ಪ್ರಸಿದ್ಧವಾದ ಹೆಸರು ಅಪ್ರಸಿದ್ಧವಾದುದನ್ನು ತನ್ನೆಡೆಗೆ ಎಳೆದುಕೊಳ್ಳುವುದು ಲೋಕರೂಢಿ. ಪ್ರಸಿದ್ಧವಾದ ವರ್ಷಸಂಖ್ಯೆಯೂ ಹಾಗೆಯೇ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದ ಒಂದು ಶಿಲೆಯ ವಿಷಯದಲ್ಲಿ ಈಗ ನಡೆದಿರುವುದು ಇದೇ ಎಂದು ತೋರುವುದರಿಂದ, ಅದರ ಕಾಲವನ್ನು ಮೊದಲಿನಿಂದ ವಿಚಾರಮಾಡಿ ನೋಡುವುದು ಉಚಿತವಾಗಿದೆ.

೨

2018ರಲ್ಲಿ ಹೆಬ್ಬಾಳದ ಹಳೆಯ ಊರಿನಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಈ ವೀರಗಲ್ಲು ಬೆಳಕಿಗೆ ಬಂದಿತು. ಅನಂತರ ಊರವರೂ ಶಾಸನಾಸಕ್ತರೂ ಕೂಡಿ ಅದಕ್ಕೊಂದು ಮಂಟಪವನ್ನು ಕಟ್ಟಿಸಿ ನಿಲ್ಲಿಸಿದರು. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು 1905ರಲ್ಲಿ ಪ್ರಕಟಿಸಿದಾಗ ಈ ಕಲ್ಲು ಅವರಿಗೆ ದೊರೆತಿರಲಿಲ್ಲ. ನೆಲದೊಳಗೆ ಹುದುಗಿದ್ದುದೇ ಇದರ ಅಕ್ಷರಗಳು ಉಳಿದುಬರಲು ಒಂದು ಕಾರಣವಾಯಿತೆನ್ನಬಹುದು. ಈಚಿನ ವರ್ಷಗಳಲ್ಲಿ ಕಲ್ಲಿನ ಮೈಯನ್ನು ಮೂರು ಆಯಾಮಗಳಲ್ಲಿ ಯಂತ್ರದಿಂದ ಅಳೆದು ಚಿತ್ರಿಸುವ ಕ್ರಮವೂ ಬೆಂಗಳೂರು ಸೀಮೆಯ ಶಾಸನಗಳಿಗೆ ಒದಗಿದೆ. ಕಣ್ಣಿಗೆ ಮಸಕಾಗಿ ಕಾಣುವ ಗೀರನ್ನು ಬಿರುಕಿನಿಂದ ಬೇರ್ಪಡಿಸಿ ಓದಲು ಇದರಿಂದ ಬಹಳ ಅನುಕೂಲವಾಗಿದೆ.

ಶಾಸನದ ಮುಖ್ಯವಾದ ಅರ್ಥವು ಹೀಗಿದೆ: ಶ್ರೀಪುರುಷ ಮಹಾರಾಜನು ರಾಜ್ಯವಾಳುತ್ತಿದ್ದಾಗ, ಪೆರ್ಬೊಳಲ್ ನಾಡು ಮೂವತ್ತರಲ್ಲಿ, ರಟ್ಟವಾಡಿಯವರ ದಾಳಿಯ ಸಂದರ್ಭದಲ್ಲಿ ಕಿತ್ತಯನೆಂಬವನು ಊರನ್ನು ಕಾಪಾಡಲು ಕಾದಿ ಇಂದ್ರನ ಪುರಕ್ಕೆ ಏರಿದನು. ಹೇಳಬೇಕಾದುದನ್ನೆಲ್ಲ ಹೇಳಿದ ಕಲ್ಲು ಒಂದನ್ನು ಮಾತ್ರ ಹೇಳಲಿಲ್ಲ. ಶಕವರ್ಷವಾಗಲಿ ಅರಸನ ಆಳ್ವಿಕೆಯ ವರ್ಷವಾಗಲಿ ಅದರಲ್ಲಿ ಇಲ್ಲ. ಆದರೂ ಕ್ರಿ. ಶ. 750 ಎಂಬ ಸಂಖ್ಯೆ ಇದಕ್ಕೆ ಅಂಟಿಕೊಂಡಿದೆ. ಅದರ ಹಿಂದಿದ್ದ ‘ಸುಮಾರು’ ಎಂಬ ಮಾತು ಕ್ರಮೇಣ ಬಿದ್ದುಹೋಗಿ, ಲೇಖನದಿಂದ ಲೇಖನಕ್ಕೆ ಬರಿಯ ಸಂಖ್ಯೆಯೇ ದಾಟುತ್ತಿದೆ. ಈ ಸಂಖ್ಯೆಗೆ ಆಧಾರವೇನು, ಅದು ಎಷ್ಟು ಗಟ್ಟಿ ಎಂಬುದೇ ಇಲ್ಲಿನ ವಿಚಾರ.

೩

ಮೊದಲನೆಯ ಆಧಾರವು ಅರಸನ ಹೆಸರು. ಗಂಗರಲ್ಲಿ ಶ್ರೀಪುರುಷನ ಕಾಲವು ಇತರ ಹಲವು ಅರಸರ ಕಾಲಕ್ಕಿಂತ ಸ್ಪಷ್ಟವಾಗಿದೆ. ಮೂಡಿಗೆರೆ ಸೀಮೆಯ ಜಾವಳಿಯ ತಾಮ್ರಪಟವು ಶಕ 672ನೆಯ ವರ್ಷವನ್ನು ಆತನ ಆಳ್ವಿಕೆಯ 25ನೆಯ ವರ್ಷವೆನ್ನುತ್ತದೆ. ನಾಗಮಂಗಲ ಸೀಮೆಯ ದೇವರಹಳ್ಳಿಯ ತಾಮ್ರಪಟವು ಶಕ 698ನ್ನು 50ನೆಯ ವರ್ಷವೆನ್ನುತ್ತದೆ. ಈ ಎರಡು ಲೆಕ್ಕಗಳೂ ಪರಸ್ಪರ ಹೊಂದುತ್ತವೆ. ಎರಡರಿಂದಲೂ ಪಟ್ಟವಾದ ಕಾಲವು ಕ್ರಿ. ಶ. 726ರ ಸುಮಾರಿಗೆ ಬೀಳುತ್ತದೆ. ಸಿರಾ ಸೀಮೆಯ ಹಲಕೂರಿನ ಶಿಲಾಶಾಸನವು ಶಕ 710ರಲ್ಲಿ, ಎಂದರೆ ಕ್ರಿ. ಶ. 788ರಲ್ಲಿ, ಶ್ರೀಪುರುಷನು ಇನ್ನೂ ಆಳುತ್ತಿದ್ದನೆಂದು ತಿಳಿಸುತ್ತದೆ. ಆದಕಾರಣ ಈತನ ರಾಜ್ಯಭಾರದ ಅವಧಿಯು ಅರುವತ್ತು ವರ್ಷಗಳಿಗೂ ಮೀರಿದುದು.

ದೀರ್ಘಕಾಲ ಆಳಿದ ಅರಸನು ಪ್ರಜೆಗಳಿಗೆ ಹೇಗೇ ಇರಲಿ, ಕಾಲನಿರ್ಣಯಮಾಡುವವನಿಗೆ ಅಷ್ಟು ಅನುಕೂಲನಲ್ಲ. ಹತ್ತು ವರ್ಷ ಆಳಿದವನ ಹೆಸರು ಕಲ್ಲಿನಲ್ಲಿದ್ದರೆ ಕಲ್ಲಿನ ಕಾಲವು ಹತ್ತು ವರ್ಷದೊಳಗೆ ಸಿಕ್ಕುತ್ತದೆ. ಶ್ರೀಪುರುಷನ ಹೆಸರಿರುವ ಕಲ್ಲು 726ರಿಂದ 788ರವರೆಗೆ ಯಾವಾಗ ಬೇಕಾದರೂ ನಿಂತಿರಬಹುದು. 750 ಎಂಬುದು ಈ ಅವಧಿಯೊಳಗಿನ ಒಂದು ಸುಲಭವಾದ, ನೆನಪಿನಲ್ಲಿ ನಿಲ್ಲುವ ಸಂಖ್ಯೆ, ಶತಮಾನದ ನಟ್ಟನಡುವಿನದು. ಅರಸನ ಹೆಸರೊಂದೇ ಆಧಾರವಾದರೆ 735 ಎನ್ನುವುದಕ್ಕೂ 780 ಎನ್ನುವುದಕ್ಕೂ ಅಷ್ಟೇ ಅಧಿಕಾರವಿದೆ.

೪

ಎರಡನೆಯ ಆಧಾರವು ಲಿಪಿ ಮತ್ತು ಭಾಷೆ. ಅಕ್ಷರದ ಆಕಾರವನ್ನು ಕಂಡು ಕಾಲವನ್ನು ಹೇಳುವುದು ಕಾಲವು ತಿಳಿದಿರುವ ಬೇರೆ ಶಾಸನಗಳೊಡನೆ ಹೋಲಿಸುವುದರಿಂದ ಮಾತ್ರ ಸಾಧ್ಯ. ಬಾದಾಮಿಯಲ್ಲಿ ಮಂಗಲೇಶನ ಕಾಲದ ಗುಹಾಶಾಸನದಲ್ಲಿ ಶಕ 500 ಎಂದು ಸ್ಪಷ್ಟವಾಗಿರುವುದರಿಂದ ಅದು ಲಿಪಿಶಾಸ್ತ್ರಕ್ಕೆ ನೆಟ್ಟ ಗಡಿಗಲ್ಲಿನಂತಿದೆ. ಅಲ್ಲಿಯೇ ಇರುವ ಕಪ್ಪೆ ಅರಭಟ್ಟನ ಶಾಸನಕ್ಕಾಗಲಿ, 1936ರಲ್ಲಿ ಎಂ. ಎಚ್. ಕೃಷ್ಣರು ಬೆಳಕಿಗೆ ತಂದ ಹಲ್ಮಿಡಿಯ ಶಾಸನಕ್ಕಾಗಲಿ ಹಾಗೆ ವರ್ಷವಿಲ್ಲ. ಇವುಗಳ ಕಾಲವನ್ನು ‘ಸುಮಾರು’ ಎಂದೇ ಹೇಳಬೇಕಾಗಿದೆ. ಹಲ್ಮಿಡಿಯ ವಿಷಯದಲ್ಲಿ ವಿದ್ವಾಂಸರ ಮತಗಳು ಭಿನ್ನವಾಗಿರುವುದೂ ಇದರಿಂದಲೇ.

ಬರೆಯುವ ಕೈ ಒಂದು ತಲೆಮಾರಿನಲ್ಲಿ ಬದಲಾಗುವುದು ಅತ್ಯಲ್ಪ. ಯೌವನದಲ್ಲಿ ಕಲಿತ ಅಕ್ಷರವನ್ನೇ ಕಲ್ಲುಕುಟಿಗನು ಮುಪ್ಪಿನವರೆಗೂ ಕೆತ್ತುತ್ತಾನೆ. ರಾಜಧಾನಿಯ ಕಂಡರಣೆಗೂ ನಾಡಿನ ಒಂದು ಹಳ್ಳಿಯ ಕಂಡರಣೆಗೂ ವ್ಯತ್ಯಾಸವಿರುವುದು ಸಹಜ. ಆದಕಾರಣ ಲಿಪಿಯಿಂದ ‘ಎಂಟನೆಯ ಶತಮಾನ’ ಎಂದು ಧೈರ್ಯವಾಗಿ ಹೇಳಬಹುದು, ‘ಎಂಟನೆಯ ಶತಮಾನದ ಮಧ್ಯಭಾಗ’ ಎಂದು ಸಂಕೋಚದಿಂದ ಹೇಳಬಹುದು. ‘750’ ಎಂದು ಹೇಳಲಾಗದು.

ಭಾಷೆಯ ಒರೆಗಲ್ಲೂ ಇದಕ್ಕಿಂತ ಸೂಕ್ಷ್ಮವಲ್ಲ. ಅತ್ಯಂತ ಹಳೆಯ ಕನ್ನಡ ಶಾಸನಗಳ ವ್ಯಾಕರಣವನ್ನು ಕುರಿತು ಎ. ಎನ್. ನರಸಿಂಹಯ್ಯನವರು 1941ರಲ್ಲಿಯೂ, ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಕುರಿತು ಜಿ. ಎಸ್. ಗಾಯಿಯವರು 1946ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ಪ್ರತ್ಯಯಗಳ ಸ್ವರೂಪವು ಶತಮಾನದಿಂದ ಶತಮಾನಕ್ಕೆ ಹೇಗೆ ಸರಿಯಿತೆಂಬುದು ತಿಳಿದುಬರುತ್ತದೆ. ಪೂರ್ವದ ಹಳಗನ್ನಡದಲ್ಲಿ ದೀರ್ಘವಾಗಿದ್ದ ‘ಆನ್’, ‘ಆರ್’ ಎಂಬ ಆಖ್ಯಾತಪ್ರತ್ಯಯಗಳೂ ‘ಆ’ ಎಂಬ ಷಷ್ಠಿಯೂ ಮುಂದೆ ಹ್ರಸ್ವವಾದುವು. ಇಂತಹ ರೂಪಗಳಿಂದ ಏಳನೆಯ ಶತಮಾನದ ಕಲ್ಲನ್ನು ಹತ್ತನೆಯ ಶತಮಾನದ ಕಲ್ಲಿನಿಂದ ಬೇರ್ಪಡಿಸಬಹುದು. ಆದರೆ ತಂದೆಯ ಕಾಲದ ಕಲ್ಲನ್ನು ಮಗನ ಕಾಲದ ಕಲ್ಲಿನಿಂದ ಬೇರ್ಪಡಿಸುವ ಶಕ್ತಿ ಅವುಗಳಿಗಿಲ್ಲ. ಲಿಪಿಯೂ ಭಾಷೆಯೂ ಅರಸನ ಹೆಸರನ್ನು ಸಮರ್ಥಿಸುತ್ತವೆ; ಶ್ರೀಪುರುಷನೆಂಬುದು ಬೇರೊಬ್ಬನಿರಬಹುದೆಂಬ ಸಂಶಯವನ್ನು ಪರಿಹರಿಸುತ್ತವೆ. ಅರುವತ್ತೆರಡು ವರ್ಷದ ಅವಧಿಯನ್ನು ಕುಗ್ಗಿಸಲಾರವು.

೫

ಅವಧಿಯನ್ನು ಕುಗ್ಗಿಸಬಲ್ಲ ಮಾತು ಶಾಸನದಲ್ಲಿ ಒಂದೇ ಒಂದಿದೆ. ಅದು ರಟ್ಟವಾಡಿ. ಗಂಗವಾಡಿ, ನೊಳಂಬವಾಡಿ ಎಂಬಂತೆ ಇದೂ ನಾಡಿನ ಹೆಸರು. ರಟ್ಟರ, ಎಂದರೆ ರಾಷ್ಟ್ರಕೂಟರ, ಸೀಮೆ. ಚೋಳರ ತಮಿಳು ಶಾಸನಗಳಲ್ಲಿ ಇದೇ ಪದವು ಇರಟ್ಟಪಾಡಿ ಏಳೂವರೆ ಲಕ್ಷವೆಂದು ಬಂದಿದೆ. ಅಷ್ಟು ಹೊತ್ತಿಗೆ ರಾಷ್ಟ್ರಕೂಟರು ಹೋಗಿ ಕಲ್ಯಾಣದ ಚಾಳುಕ್ಯರು ಬಂದಿದ್ದರೂ ನಾಡಿಗೆ ಹಳೆಯ ಹೆಸರೇ ಉಳಿದಿತ್ತು. ಹೆಬ್ಬಾಳದ ಮೇಲೆ ಬಿದ್ದವರು ಪಕ್ಕದ ನಾಡಿನ ತುರುಗಳ್ಳರಲ್ಲ, ಉತ್ತರದಿಂದ ಬಂದ ರಾಷ್ಟ್ರಕೂಟರ ಪಡೆಯವರು ಎಂಬುದು ಈ ಪದದಿಂದ ಹೊರಡುವ ಅರ್ಥ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: 726ರಿಂದ 788ರೊಳಗೆ ರಾಷ್ಟ್ರಕೂಟರ ಪಡೆ ಗಂಗವಾಡಿಯ ಒಳನಾಡಿಗೆ ಬರುವುದು ಯಾವಾಗ ಸಾಧ್ಯವಾಗಿತ್ತು?

ಇದಕ್ಕೆ ಕಾಲವನ್ನು ತಾವೇ ಹೇಳುವ ಶಾಸನಗಳಿಂದ ಉತ್ತರವನ್ನು ಪಡೆಯಬಹುದು. ದಂತಿದುರ್ಗನು 742ರ ಸುಮಾರಿನ ಎಲ್ಲೋರದ ತಾಮ್ರಪಟದ ಕಾಲದಲ್ಲಿ ಚಾಳುಕ್ಯರ ಅಧೀನನಾದ ಸಾಮಂತ. ಸಾಮಾನಗಡದ ತಾಮ್ರಪಟದ ಹೊತ್ತಿಗೆ, ಶಕ 675ರಲ್ಲಿ, ಎಂದರೆ 753-54ರಲ್ಲಿ, ಆತನು ಚಾಳುಕ್ಯರನ್ನು ಸೋಲಿಸಿ ಸಾರ್ವಭೌಮನ ಬಿರುದುಗಳನ್ನು ಧರಿಸಿದ್ದಾನೆ. ಆದರೂ ಚಾಳುಕ್ಯರು ಅಲ್ಲಿಗೇ ಅಳಿಯಲಿಲ್ಲ. ಎರಡನೆಯ ಕೀರ್ತಿವರ್ಮನು ಶಕ 679ರಲ್ಲಿ, ಎಂದರೆ 757ರಲ್ಲಿ, ಭೀಮಾ ನದಿಯ ತೀರದ ಬೀಡಿನಿಂದ ದಾನಕೊಟ್ಟ ತಾಮ್ರಪಟವು ಕೋಲಾರ ಸೀಮೆಯ ವಕ್ಕಲೇರಿಯಲ್ಲಿ ದೊರೆತಿದೆ. ಎಲ್ಲೋರದ ಕಡೆಯ ರಾಷ್ಟ್ರಕೂಟರಿಗೂ ಕಾವೇರಿಯ ಕಡೆಯ ಗಂಗರಿಗೂ ನಡುವೆ, ಬಾದಾಮಿಯ ಚಾಳುಕ್ಯರ ರಾಜ್ಯವು ಕನಿಷ್ಠಪಕ್ಷ ಅಲ್ಲಿಯವರೆಗೆ ಒಂದಲ್ಲ ಒಂದು ರೂಪದಲ್ಲಿ ಅಡ್ಡವಾಗಿ ನಿಂತಿತ್ತು. ಗಂಗರು ಚಾಳುಕ್ಯರ ಮಿತ್ರರು. 750ರಲ್ಲಿ ಚಾಳುಕ್ಯರ ಸಾಮಂತನೊಬ್ಬನ ಪಡೆ ತನ್ನ ಒಡೆಯನ ನಾಡನ್ನೆಲ್ಲ ದಾಟಿ ಬಂದು ಒಡೆಯನ ಮಿತ್ರನ ಊರನ್ನು ಹಾಳುಮಾಡಿತೆನ್ನುವುದು ಸುಲಭವಾಗಿ ನಂಬತಕ್ಕ ಮಾತಲ್ಲ.

ಇನ್ನು ಸಂಭವವುಳ್ಳ ಕಾಲ ಯಾವುದು? ಒಂದನೆಯ ಕೃಷ್ಣನ ತಳೇಗಾಂವದ ತಾಮ್ರಪಟವು ಶಕ 690ನೆಯ, ಎಂದರೆ 768ನೆಯ ವರ್ಷದ್ದು. ಗಂಗವಾಡಿಯ ಮೇಲೆ ದಂಡೆತ್ತಿ ಬಂದ ಕೃಷ್ಣನು ಮನ್ನನಗರದ ಬೀಡಿನಲ್ಲಿದ್ದಾಗ ಅದನ್ನು ಕೊಟ್ಟನು. ಆ ಮನ್ನನಗರವೇ ಮಾನ್ಯಪುರ, ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ, ಶ್ರೀಪುರುಷನ ನೆಲೆವೀಡು. ಮಣ್ಣೆಯಿಂದ ಹೆಬ್ಬಾಳಕ್ಕೆ ಕಾಲುದಳಕ್ಕೆ ಎರಡು ದಿನದ ನಡಿಗೆ ಸಾಕು. ಅರಸನ ನೆಲೆವೀಡಿನಲ್ಲಿಯೇ ಶತ್ರುವಿನ ಪಾಳೆಯ ಬಿದ್ದಿರುವಾಗ, ಸುತ್ತಣ ನಾಡಿನ ಊರುಗಳಿಗೆ ಕಾಳಿಗೂ ಮೇವಿಗೂ ದಂಡಿನ ತುಕಡಿಗಳು ನುಗ್ಗುವುದು ಯುದ್ಧಗಳಲ್ಲಿ ಕಾಣುವ ಸಾಮಾನ್ಯ ಸಂಗತಿ. ತುಮಕೂರು ಸೀಮೆಯ ವೀರಗಲ್ಲುಗಳೂ ಶ್ರೀಪುರುಷನ ಕಾಲದಲ್ಲಿ ಸಿಯಗೆಲ್ಲನ ಕಡೆಯ ವೀರರು ರಟ್ಟರೊಡನೆ ಕಾದಿ ಮಡಿದುದನ್ನು ಹೇಳುತ್ತವೆ. ಕಿತ್ತಯನ ಕಲ್ಲನ್ನು ಈ ಗುಂಪಿನಲ್ಲಿಟ್ಟರೆ ಅದರ ಮಾತಿಗೆ ಅರ್ಥವೂ ಹಿನ್ನೆಲೆಯೂ ಒದಗುತ್ತವೆ. 750ರಲ್ಲಿಟ್ಟರೆ ರಟ್ಟವಾಡಿಯೆಂಬ ಮಾತು ಒಂಟಿಯಾಗಿ ನಿಲ್ಲುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. 768ರ ದಂಡಯಾತ್ರೆಯೊಂದೇ ರಾಷ್ಟ್ರಕೂಟರ ದಾಳಿಯೆಂದು ಹೇಳುವಂತಿಲ್ಲ, ಅನಂತರವೂ ಗಡಿಯಲ್ಲಿ ಕದನಗಳು ನಡೆದಿರಬಹುದು ಎಂಬುದು ಮೊದಲನೆಯದು. ಈ ಆಕ್ಷೇಪವು ನ್ಯಾಯವಾದುದೇ. ಆದರೆ ಇದರಿಂದ ಕಲ್ಲಿನ ಕಾಲವು 768ರಿಂದ ಈಚೆಗೆ ಸರಿಯುವುದೇ ಹೊರತು 750ಕ್ಕೆ ಹಿಂದಿರುಗುವುದಿಲ್ಲ. ರಟ್ಟವಾಡಿಯೆಂಬುದಕ್ಕೆ ಬೇರೆ ಅರ್ಥವಿರಬಹುದು ಎಂಬುದು ಎರಡನೆಯದು. ಹಾಗೆ ಯಾರಾದರೂ ಸಾಧಿಸಿದರೆ ಈ ವಾದವು ಬಿದ್ದುಹೋಗುತ್ತದೆಂಬುದನ್ನು ಒಪ್ಪಲೇಬೇಕು. ಆಗಲೂ ಗೆಲ್ಲುವುದು 750 ಅಲ್ಲ. 726ರಿಂದ 788ರವರೆಗಿನ ಅವಧಿಯು ಮಾತ್ರ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ 750 ಎಂಬ ಒಂಟಿ ಸಂಖ್ಯೆಗೆ ತಲಪುವುದಿಲ್ಲ.

೬

ಊರಿನ ಗುರುತಿನ ವಿಷಯದಲ್ಲಿಯೂ ಎರಡು ಮಾತು ಅವಶ್ಯ. ಪೆರ್ಬೊಳಲ್ ಎಂಬುದು ‘ಪೆರ್’ ಎಂದರೆ ಹಿರಿದಾದ, ‘ಪೊೞಲ್’ ಎಂದರೆ ಪಟ್ಟಣ ಎಂಬೆರಡು ಪದಗಳ ಸಮಾಸ. ಪಕಾರವು ಹಕಾರವಾದ ಮೇಲೆ ಇದು ಹೆಬ್ಬೊಳಲ್ ಆಗಬೇಕು. ಪಟ್ಟದಕಲ್ಲಿಗೆ ಕಿಸುವೊೞಲ್ ಎಂಬ ಹೆಸರಿದ್ದುದನ್ನೂ, ರನ್ನನ ಹುಟ್ಟೂರಾದ ಮುದುವೊೞಲ್ ಇಂದು ಮುಧೋಳವಾಗಿರುವುದನ್ನೂ ವಾಚಕರು ಬಲ್ಲರು. ಮುಧೋಳದ ದಾರಿಯಲ್ಲಿ ನಡೆದಿದ್ದರೆ ಈ ಊರು ಹೆಬ್ಬೋಳವಾಗಬೇಕಾಗಿತ್ತು. ಓಕಾರದ ಎಡೆಯಲ್ಲಿ ಆಕಾರವು ನಿಂತಿದೆ. ನೆರೆಯ ಎಲಹಂಕವಾದರೂ ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕವಾಗಿತ್ತು. ಊರ ಹೆಸರುಗಳು ಜನರ ಬಾಯಲ್ಲಿ ಸವೆಯುವಾಗ ವ್ಯಾಕರಣದ ಒಂದೇ ಸೂತ್ರವನ್ನು ಹಿಡಿದು ನಡೆಯುವುದಿಲ್ಲವೆಂಬುದಕ್ಕೆ ಇದೂ ಸಾಕ್ಷಿ.

ಧ್ವನಿಸಾಮ್ಯವೊಂದನ್ನೇ ನೆಚ್ಚಿದ್ದರೆ ಇಲ್ಲಿಯೂ ಮೋಸಹೋಗುವ ಸಂಭವವಿತ್ತು. ಏಕೆಂದರೆ ಹೆಬ್ಬಾಳವೆಂಬ ಹೆಸರಿನ ಊರುಗಳು ಕನ್ನಡನಾಡಿನಲ್ಲಿ ಹಲವಿವೆ, ಮೈಸೂರಿನ ಮಗ್ಗುಲಲ್ಲಿಯೂ ಒಂದಿದೆ. ಈ ಊರಿನ ಪಕ್ಷದಲ್ಲಿ ತೀರ್ಪುಕೊಡುವುದು ಹೆಸರಿಗಿಂತ ಹೆಚ್ಚಾಗಿ ಕಲ್ಲು ದೊರೆತ ಎಡೆ. ಊರನ್ನು ಕಾಯ್ದು ಮಡಿದವನ ಕಲ್ಲನ್ನು ಆ ಊರಿನಲ್ಲಿಯೇ ನಿಲ್ಲಿಸುವುದು ಪದ್ಧತಿ. ಅದು ಆ ಊರಿನ ನೆಲದೊಳಗಿಂದಲೇ ಎದ್ದುಬಂದಿದೆ. ಹೆಸರೂ ಎಡೆಯೂ ಕೂಡಿದಲ್ಲಿ ಸಂಶಯಕ್ಕೆ ಆಸ್ಪದವಿಲ್ಲ. ಇಂದು ಬಳ್ಳಾರಿಯ ಹೆದ್ದಾರಿಯ ಮೇಲುಸೇತುವೆಯಿಂದಲೂ ಕೆರೆಯಿಂದಲೂ ಹೆಸರಾಗಿರುವ ಹೆಬ್ಬಾಳವು ಎಂಟನೆಯ ಶತಮಾನದಲ್ಲಿ ಮೂವತ್ತು ಊರುಗಳ ನಾಡಿಗೆ ತಲೆಯೂರಾಗಿತ್ತು. ಬೆಂಗಳೂರಿನ ಹೆಸರು ಶಾಸನದಲ್ಲಿ ಕಾಣಿಸಿಕೊಳ್ಳುವ ಬೇಗೂರಿನ ಕಲ್ಲಿನ ಕಾಲ ಸುಮಾರು 890. ಹೆಬ್ಬಾಳದ ಕಲ್ಲಿಗೆ ಅತ್ಯಂತ ಈಚಿನ ವರ್ಷವಾದ 788ನ್ನೇ ಕೊಟ್ಟರೂ ಅದು ಬೇಗೂರಿನ ಕಲ್ಲಿಗಿಂತ ನೂರು ವರ್ಷ ಹಿರಿದು. 750ನ್ನು ಬಿಟ್ಟುಕೊಡುವುದರಿಂದ ಈ ಹಿರಿಮೆಗೆ ಯಾವ ಕುಂದೂ ಇಲ್ಲ. ಇಲ್ಲದ ಆಧಾರವನ್ನು ಹೊತ್ತುಕೊಂಡಿರುವ ಅಗತ್ಯವೇ ಅದಕ್ಕಿಲ್ಲ.

೭

ಕಲ್ಲಿನಲ್ಲಿ ಕೆತ್ತಿದ ವೀರನ ರೂಪವನ್ನು ಬೆಂಗಳೂರಿನವನೊಬ್ಬನ ಮೊದಲ ಭಾವಚಿತ್ರವೆಂದು ಹೇಳುವುದೂ ಈಚೆಗೆ ರೂಢಿಗೆ ಬಂದಿದೆ. ಈ ಮಾತಿನಲ್ಲಿ ಪ್ರೀತಿ ಇದೆ, ಪರೀಕ್ಷೆ ಸಾಲದು. ಭಾವಚಿತ್ರವೆಂದರೆ ಒಬ್ಬ ವ್ಯಕ್ತಿಯ ಮುಖವನ್ನು ಹೋಲುವಂತೆ ಮಾಡಿದುದು. ವೀರಗಲ್ಲಿನ ಶಿಲ್ಪಿಯು ಮಾಡುವುದು ಅದಲ್ಲ. ಆಯುಧವನ್ನು ಹಿಡಿದ ಭಂಗಿ, ಕಟ್ಟಿದ ಮುಡಿ, ಮುಂದಿಟ್ಟ ಹೆಜ್ಜೆ ಇವೆಲ್ಲ ಶಿಲ್ಪಿಗಳ ಪರಂಪರೆಯಿಂದ ಬಂದ ವೀರಲಕ್ಷಣಗಳು. ಒಂದು ಊರಿನ ವೀರನಿಗೂ ಇನ್ನೊಂದು ಊರಿನ ವೀರನಿಗೂ ಸಾಮಾನ್ಯವಾದುವು. ಕೆತ್ತಿದ ರೂಪವನ್ನು ಕಿತ್ತಯನದನ್ನಾಗಿ ಮಾಡುವುದು ಮುಖವಲ್ಲ, ಪಕ್ಕದ ಬರೆಹ. ಅಕ್ಷರವು ಅಳಿಸಿಹೋಗಿದ್ದರೆ ಅದು ಹೆಸರಿಲ್ಲದ ಒಬ್ಬ ವೀರನ ಶಿಲ್ಪವಾಗಿಯೇ ಉಳಿಯುತ್ತಿತ್ತು. ಕನ್ನಡನಾಡಿನ ಊರೂರ ಬಾಗಿಲಲ್ಲಿ ಹಾಗೆ ಉಳಿದಿರುವ ಕಲ್ಲುಗಳಿಗೆ ಲೆಕ್ಕವಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಕಿತ್ತಯನ ಕಲ್ಲಿನ ಬೆಲೆ ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ. ಅರಸನಲ್ಲದ, ದಾನಿಯಲ್ಲದ, ಕವಿಯಲ್ಲದ ಒಬ್ಬ ಊರಿನವನ ಹೆಸರು ಸಾವಿರದ ಇನ್ನೂರು ವರ್ಷಗಳನ್ನು ದಾಟಿ ಬಂದಿದೆ. ಅವನ ಮುಖವು ಹೇಗಿತ್ತೋ ತಿಳಿಯದು; ಅವನು ಏನು ಮಾಡಿದನೆಂಬುದು ತಿಳಿದಿದೆ. ಆ ಕಲ್ಲನ್ನು ನಿಲ್ಲಿಸಿದವರು ಮುಂದಿನವರಿಗೆ ತಿಳಿಸಬೇಕೆಂದುಕೊಂಡುದು ಎರಡನೆಯದನ್ನೇ.

೮

ಮೇಲಿನ ವಿಚಾರದಿಂದ ಫಲಿಸುವುದನ್ನು ಹೀಗೆ ಸಂಗ್ರಹಿಸಬಹುದು. ಅರಸನ ಹೆಸರಿನಿಂದ ಹೆಬ್ಬಾಳದ ವೀರಗಲ್ಲಿನ ಕಾಲವು 726ಕ್ಕೂ 788ಕ್ಕೂ ನಡುವೆ ಬೀಳುವುದು ನಿಶ್ಚಿತ. ಲಿಪಿಯೂ ಭಾಷೆಯೂ ಇದಕ್ಕೆ ವಿರುದ್ಧವಾಗಿಲ್ಲ, ಇದನ್ನು ಕುಗ್ಗಿಸುವುದೂ ಇಲ್ಲ. ರಟ್ಟವಾಡಿಯೆಂಬುದು ರಾಷ್ಟ್ರಕೂಟರನ್ನು ಹೇಳುವುದಾದರೆ 757ಕ್ಕಿಂತ ಹಿಂದಿನ ಕಾಲವು ದುರ್ಬಲ. 768ರ ಆಸುಪಾಸು ಎಲ್ಲಕ್ಕಿಂತ ಸಂಭಾವ್ಯ. ಮೊದಲನೆಯದು ಸಿದ್ಧಾಂತ, ಕೊನೆಯದು ಊಹೆ. ಸಿದ್ಧಾಂತವನ್ನೂ ಊಹೆಯನ್ನೂ ಒಂದೇ ಮಸಿಯಲ್ಲಿ ಬರೆಯಬಾರದು.

ತರಗತಿಯಲ್ಲಿ ಈ ಶಾಸನವನ್ನು ಪಾಠಹೇಳುವ ಅಧ್ಯಾಪಕರು 750 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವುದಕ್ಕೆ ಬದಲಾಗಿ, ಜಾವಳಿ, ದೇವರಹಳ್ಳಿ, ಹಲಕೂರು, ವಕ್ಕಲೇರಿ, ಮಣ್ಣೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವುಗಳ ನಡುವೆ ಹೆಬ್ಬಾಳವನ್ನಿಟ್ಟು, ಕಾಲವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುವಂತೆ ಮಾಡಿದರೆ ಒಂದು ವರ್ಷಸಂಖ್ಯೆಗಿಂತ ಬೆಲೆಯುಳ್ಳ ವಸ್ತು ಅವರಿಗೆ ದಕ್ಕುತ್ತದೆ. ಮಂಟಪದ ಫಲಕದಲ್ಲಿಯೂ ಪಠ್ಯದಲ್ಲಿಯೂ ಸಂಖ್ಯೆಯ ಹಿಂದೆ ‘ಸುಮಾರು’ ಎಂಬ ಮೂರಕ್ಷರವನ್ನು ಉಳಿಸಿಕೊಳ್ಳುವುದು ದೊಡ್ಡ ಶ್ರಮವಲ್ಲ. ಜಗನ್ಮೋಹನ ಅರಮನೆಯ ದೀಪಧಾರಿಣಿಯು ರವಿವರ್ಮನ ಹೆಸರಿನ ನೆರಳಿನಿಂದ ಈಚೆಗೆ ಬಂದ ಮೇಲೂ ಅವಳ ಕೈಯ ದೀಪವು ಮೊದಲಿನಷ್ಟೇ ಬೆಳಗುತ್ತಿದೆ. ಕಿತ್ತಯನ ಕಲ್ಲೂ ಹಾಗೆಯೇ. ಪೆರ್ಬೊಳಲಿನ ಜನರು ತಮ್ಮವನೊಬ್ಬನು ಮಡಿದ ವರ್ಷವನ್ನು ಬರೆಯಿಸಲಿಲ್ಲ, ಹೆಸರನ್ನು ಬರೆಯಿಸಿದರು. ಅವರು ಬರೆಯಿಸಿದುದನ್ನು ತಪ್ಪಿಲ್ಲದೆ ಓದುವುದೂ ಅವರು ಬರೆಯಿಸದುದನ್ನು ಅವರ ಹೆಸರಿನಲ್ಲಿ ಬರೆಯದಿರುವುದೂ ಓದುವವರ ಕರ್ತವ್ಯವಾಗಿದೆ.